ಎಡಗೈ ಸಕ್ಕರಿ

ಎಡಗೈಲೆ ಸಕ್ಕರಿ ಕೊಟ್ಟಿದ್ದು ನಾನು ಬೇಕಂತ ಮಾಡಿದ್ದಲ್ಲ. ಬಲಗೈ ಏಳಲಿಲ್ಲ, ಎಡಗೈ ಎದ್ದಿತು. ಆಗಿದ್ದು ಇಷ್ಟ. ಅದರಾಗ ಸೊಕ್ಕಿರಲಿಲ್ಲ, ಸಿಟ್ಟಿರಲಿಲ್ಲ, ಯಾರೋ ಮಾಡಿಸಿದ್ದೂ ಇರಲಿಲ್ಲ. ಸಿರುಗುಪ್ಪದಾಗ ಒಬ್ಬಿಬ್ಬರು ಇವತ್ತಿಗೂ ಬ್ಯಾರೆ ಹೇಳ್ತಾರ. ಹೇಳ್ಕೊಳ್ಲಿ.

ನಾನು ಹಂಪಮ್ಮ. ಹುಟ್ಟಿದ್ದು ಕುರುಗೋಡಿನಾಗ, ಲಗ್ನ ಆಗಿ ಬಂದಿದ್ದು ಬಳ್ಳಾರಿ ಕೌಲ್ ಬಜಾರಿಗೆ. ಸಾಲಿ ನಾಕನೇತ್ತಕ್ಕ ಬಿಡಿಸಿದ್ರು, ಅಷ್ಟರಾಗ ಓದಾಕ ಬರ್ಯಾಕ ಕಲ್ತಿದ್ದೆ. ಈಗ ನನ್ನ ಅಕ್ಷರ ಸಾಲಿನ ಸುರುವಿಗೆ ಕಡ್ಲಿಕಾಳಿನಷ್ಟು ಇದ್ದದ್ದು, ಸಾಲು ಮುಗಿಯೋದ್ರಾಗ ಸಾಸಿವಿ ಕಾಳು ಆಗ್ತಾವು. ಅದೂ ಈ ರೋಗದ ಕೆಲಸನ. ಹಂಗಾಗಿ ನಾನು ಬರದಿದ್ದನ್ನ ಮೊಮ್ಮಗಳು ನೇತ್ರಾ ದೊಡ್ಡಕ್ಷರದಾಗ ಮತ್ತ ಬರದಾಳ. ಅಲ್ಲಲ್ಲಿ, ಅಜ್ಜಿ ಇದನ್ನ ಬಿಡಲೇನು ಅಂತ ಕೇಳಿದ್ಲು. ಒಂದೂ ಬಿಡಬ್ಯಾಡ ಅಂದೀನಿ.

ಯಾಕ ಬರ್ಯಾಕ ಕುಂತೆ ಅಂದ್ರ, ನರದ ಡಾಕ್ಟ್ರ ದವಾಖಾನ್ಯಾಗ ಪಾಳಿ ಕಾಯೋ ಜಾಗದಾಗ ನಾನು ಕಣ್ಣಾರೆ ನೋಡೀನಿ, ಅಲ್ಲಿ ಕುಂತ ಮಂದಿ ಎಲ್ಲ ಕೈ ಮುಚ್ಚಿಕೊಂಡು ಕುಂತಿರ್ತಾರ. ಒಬ್ಬಾಕಿ ಸೆರಗಿನಾಗ, ಒಬ್ಬಾಕಿ ಬುರ್ಖಾದಾಗ. ಹಚ್ಚೊಳ್ಳಿಯಿಂದ ಬಂದ ಒಬ್ಬ ರೈತ ತನ್ನ ಕೈ ತೊಡಿ ಕೆಳಗ ಹಾಕ್ಕೊಂಡು ಅದರ ಮ್ಯಾಲೆ ಕುಂತಿದ್ದ. ಕದ್ದ ಮಾಲು ಇಟ್ಕೊಂಡವರಂಗ ಎಲ್ಲರೂ. ಅಂಥವರು ಯಾರಾರ ಇದನ್ನ ಓದಿದ್ರ, ಕೌಲ್ ಬಜಾರಿನ ಒಬ್ಬ ಮುದುಕಿನೂ ಹಂಗ ಕುಂತಿದ್ಲು ಅಂತ ಗೊತ್ತಾಗ್ಲಿ.

ಮೊದಲು ಹೋಗಿದ್ದು ಕೈ ಅಲ್ಲ, ಮೂಗು. ಒಂದಿನ ಒಲಿ ಮ್ಯಾಲೆ ಮೆಂತ್ಯ ಹುರಿಯಾಕ ಇಟ್ಟು ಅಲ್ಲೇ ಮುಂದ ಕುಂತಿದ್ದೆ. ಸೊಸಿ ಉಮಾ ಹಿತ್ತಲದಿಂದ ಓಡಿ ಬಂದು ನೋಡಿದ್ರ ಮೆಂತ್ಯ ಇದ್ದಲಿ ಆಗಿತ್ತು. ಓಣಿಗೆಲ್ಲ ವಾಸನಿ ಹೋಗೈತಿ, ಒಲಿ ಮುಂದ ಕುಂತಾಕಿಗೆ ಬಂದಿಲ್ಲ. ವಯಸ್ಸು ಅಂದೆ. ಅಕಿನೂ ವಯಸ್ಸು ಅಂದ್ಳು.

ಆಮ್ಯಾಲೆ ಕೈ. ನಮ್ಮ ಮಗ ಎರ್ರಿಸ್ವಾಮಿದು ಜೀನ್ಸ್ ಹೊಲಿಯೋ ಶೆಡ್ಡು. ಹೊಲಿದು ಬಂದ ಪ್ಯಾಂಟಿನಾಗ ಉಳಿದ ದಾರ ಕತ್ತರಿಸೋದು ನನ್ನ ಕೆಲಸ, ಜಗಲಿ ಮ್ಯಾಲೆ ಕುಂತು ಸಣ್ಣ ಕತ್ತರಿಲೆ. ಎಷ್ಟೋ ವರ್ಷ ಮಾಡೀನಿ. ಬಲಗೈ ಹೆಬ್ಬಟ್ಟು ತಾನ ತಾನ ಆಡಾಕ ಹತ್ತಿತು, ರೊಕ್ಕ ಎಣಿಸೋ ಸೇಠನ ಹೆಬ್ಬಟ್ಟಿನಂಗ. ಮಜಾ ಏನಂದ್ರ, ಕತ್ತರಿ ಹಿಡದ್ರ ನಿಲ್ತಿತ್ತು, ಸುಮ್ನ ಕುಂತ್ರ ಸುರು ಆಗ್ತಿತ್ತು. ಕುರುಗೋಡಿನಾಗ ನಮ್ಮ ತಮ್ಮಗ ತೋರಿಸಿದ್ರ, ಕೆಲಸ ಮಾಡಿದ್ರ ನಿಲ್ತೈತಿ ಅಂದ್ಮ್ಯಾಲೆ ಕೆಲಸ ಮಾಡು, ಇನ್ನೇನು ಔಷಧ ಬೇಕು ಅಂದ. ಅಂದವನ ಎಣ್ಣಿ ತಿಕ್ಕೋರ ಹತ್ರ ಕರಕೊಂಡೂ ಹೋದ. ಒಬ್ರು ವಾತ ಅಂದ್ರು, ಒಬ್ರು ಗಾಳಿ ಅಂದ್ರು. ಒಬ್ರು ಮಣಿಕಟ್ಟಿಗೆ ಕರೀ ದಾರ ಕಟ್ಟಿದ್ರು. ದಾರನೂ ಕೈ ಜೊತಿಗೆ ಆಡ್ತಿತ್ತು.

ಕೈಗಿಂತ ನನಗ ಹೆಚ್ಚು ನಾಚಿಕಿ ತಂದಿದ್ದು ಮಕ. ಮಕ ಕಲ್ಲಾಯ್ತು. ಒಳಗ ನಗು ಬಂದ್ರ ಹೊರಗ ಕಾಣಂಗಿಲ್ಲ. ಬಾಜೂ ಮನ್ಯಾಗ ಕೂಸಿಗೆ ಹೆಸರಿಡೋ ದಿನ ನಾನು ಖುಷಿಯಿಂದ ಕುಂತೀನಿ ಅಂತ ತಿಳಕೊಂಡಿದ್ದೆ. ಮರುದಿನ ಆ ಮನಿ ಹೆಣ್ಮಗಳು ಬಂದು, ಏನು ತಪ್ಪಾಯ್ತು ಹಂಪಮ್ಮಕ್ಕ, ಒಂದ್ಸಲನೂ ನಗಲಿಲ್ಲಲ್ಲ ಅಂದ್ಳು. ಉಮಾನೂ ಎಷ್ಟೋ ದಿನ ನಾನು ಅಕಿ ಮ್ಯಾಲೆ ಸಿಟ್ಟಾಗೀನಿ ಅಂತ ತಿಳಕೊಂಡು, ಅಡಗಿಗೆ ಉಪ್ಪು ಹೆಚ್ಚಾಯ್ತೇನು ಅತ್ತಿ, ಕಡಿಮಿ ಆಯ್ತೇನು ಅಂತ ಕೇಳ್ತಿದ್ಲು. ಆಗ ನನಗ ನಗು ಬರ್ತಿತ್ತು. ಅದೂ ಕಾಣ್ತಿರಲಿಲ್ಲ.

ಕಡಿಗೆ ಮಗ ನರದ ಡಾಕ್ಟ್ರ ಹತ್ರ ಕರಕೊಂಡು ಹೋದ. ಆ ಕಾಯೋ ಜಾಗದ ಮಾತು ಆಗಲೇ ಹೇಳೀನಿ. ಗೋಡಿ ಮ್ಯಾಲೆ ಟಿವಿ ಐತಿ, ದನಿ ಇಲ್ಲ. ಫ್ಯಾನ್ ಐತಿ, ಗಾಳಿ ಇಲ್ಲ. ನನ್ನ ಬಾಜೂಕ ಬುರ್ಖಾ ಹಾಕ್ಕೊಂಡ ಹೆಣ್ಮಗಳು ಕುಂತಿದ್ಲು. ಬಹಳ ಹೊತ್ತು ನನ್ನ ಸೆರಗನ್ನ ನೋಡಿದ್ಲು. ಸೆರಗಿನೊಳಗ ಇಲಿ ಸಿಕ್ಕಂಗ ಆಡ್ತಿತ್ತು ಕೈ.

"ನಿಮ್ದು ಬಲಗೈಯಾ?" ಅಂದ್ಳು.

ಹೂಂ ಅಂದೆ.

"ನಂದು ಎಡಗೈ. ನಿಮ್ಮ ಎಡಗೈ ನನಗ ಕೊಟ್ಬಿಡ್ರಿ, ಇಬ್ಬರಾಗ ಒಬ್ಬಾಕಿ ಆದ್ರೂ ಪೂರಾ ಆರಾಮ್ ಆಗ್ತಾಳ."

ಇನ್ನೊಬ್ಬಾಕಿ ಏನು ಮಾಡ್ಬೇಕು ಅಂತ ಕೇಳಿದೆ. ಅಕಿ ಡಾಕ್ಟ್ರ ಫೀಜು ಕೊಡ್ಲಿ ಅಂದ್ಳು. ಹೆಸರು ಖಾಜಾಬೀ. ಕೇಳಿದ್ರ ನಮ್ಮ ಓಣಿ ದಾಟಿದ್ರ ಅಕಿ ಓಣಿ. ಇಬ್ಬರೂ ಒಂದ ಅಂಗಡ್ಯಾಗ ತರಕಾರಿ ತಗೊಳ್ಳೋರು, ಇಬ್ಬರೂ ಕೈ ಮುಚ್ಚಿಕೊಂಡು. ಅವತ್ತು ನಕ್ಕಿದ್ದು ನಾವಿಬ್ಬರ. ನಮ್ಮ ಮಕ ನೋಡಿದವರಿಗೆ ಇಬ್ಬರು ಮುದುಕಿಯರು ಜಗಳಾ ಆಡ್ಯಾರ ಅನ್ನಿಸಿರ್ಬೇಕು.

ಡಾಕ್ಟ್ರು ಸಣ್ಣ ವಯಸ್ಸಿನವರು. ಹೆಬ್ಬಟ್ಟು ಬೆರಳು ಕೂಡಿಸಿ ಚಕಚಕ ಬಡೀರಿ ಅಂದ್ರು, ಬಡಿಯಾಕ ಆಗಲಿಲ್ಲ. ವರಾಂಡದಾಗ ನಡೀರಿ ಅಂದ್ರು, ನಡದೆ. ಬಲಗೈ ಬೀಸಂಗಿಲ್ಲ, ನೋಡಿಕೊಂಡೀರೇನು ಅಂದ್ರು. ನಾನ್ಯಾಕ ನನ್ನ ಕೈ ಬೀಸೋದು ನೋಡ್ಲಿ. ಇದಕ್ಕ ಪಾರ್ಕಿನ್ಸನ್ ಅಂತಾರ, ಮೆದುಳಿನಾಗ ಒಂದು ರಸ ಕಡಿಮಿ ಆಗೈತಿ, ಪೂರ್ತಿ ವಾಸಿ ಆಗಂಗಿಲ್ಲ, ಆದ್ರ ಮಾತ್ರಿ ತಗೊಂಡು ಬಹಳ ವರ್ಷ ಬಾಳಬಹುದು ಅಂದ್ರು. ಮೆದುಳು ಅನ್ನೋ ಮಾತು ಬಿದ್ದದ್ದ ತಡ ನಮ್ಮ ಮಗ ನನ್ನ ಕಡಿ ತಿರುಗಿ ನೋಡಲಿಲ್ಲ. ಡಾಕ್ಟ್ರ ಕಡಿ ಬಗ್ಗಿ, ಅಂದ್ರ ಮುಂದ ತಲಿ ಕೆಡ್ತೈತೇನ್ರಿ ಅಂತ ಸಣ್ಣ ದನ್ಯಾಗ ಕೇಳಿದ. ಇದು ಹುಚ್ಚಲ್ಲ ಅಂದ್ರು ಅವರು, ಜೋರಾಗಿ. ನಾನು ಅಲ್ಲೇ ಕುಂತಿದ್ದೆ, ನಡುವ. ತಳವಾರ ಹಿಡದು ತಂದು ದೊಡ್ಡ್ಯಾಗ ಕಟ್ಟಿದ ದನದಂಗ.

ಆಟೋದಾಗ ಮಗ ಹೇಳಿದ, ಯಾರಾರ ಕೇಳಿದ್ರ ನರದ ನಿಶ್ಶಕ್ತಿ ಅನ್ನು, ಮೆದುಳು ಅನಬ್ಯಾಡ. ನೇತ್ರಾಗ ಗಂಡು ನೋಡೋದು ಐತಿ. ಮೆದುಳಿನ ರೋಗ ಇರೋ ಮನಿ ಅಂದ್ರ ಹೆಣ್ಣಿಗೂ ಬರ್ತೈತಿ ಅಂತಾರ ಮಂದಿ. ಅಂವ ಹೇಳಿದ್ದು ಸುಳ್ಳಲ್ಲ, ಮಂದಿ ಹಂಗ ಅಂತಾರ. ನಾನೂ ಬ್ಯಾರೆ ಮನಿ ಮುದುಕಿ ಬಗ್ಗೆ ಹಂಗ ಅಂದಿರ್ತಿದ್ದೆ. ಆಯ್ತು ಅಂದೆ. ಮುಚ್ಚಿಡೋದು ಹೊಸದೇನಲ್ಲ, ಸೆರಗು ಇದ್ದೇ ಐತಿ.

ಮಾತ್ರಿ ಸುರು ಆತು. ಮಾತ್ರಿ ಹಿಡದಾಗ ನಾನು ಮೊದಲಿನ ಹಂಪಮ್ಮ, ಮಾತ್ರಿ ಇಳದಾಗ ಯಾರೋ ಹಸೀ ಮಣ್ಣಿನಾಗ ಮಾಡಿಟ್ಟ ಹಂಪಮ್ಮ. ಹೊಟ್ಟಿ ತುಂಬ ಹಾಲು ಬ್ಯಾಳಿ ಹಾಕ್ಕೊಂಡು ತಗೊಂಡ್ರ ಹಿಡಿಯೋದು ತಡ ಅಂತ ಗೊತ್ತಾಗಾಕ ಬಹಳ ದಿನ ಹೋದ್ವು. ಜಂಪರದ ಹುಕ್ಕು ಹಾಕ್ಕೊಳ್ಳಾಕ ಬರ್ದಂಗಾತು. ಸೊಸಿ ಮುಂದ ಎದಿ ತೆರಕೊಂಡು ನಿಂದ್ರಬೇಕು, ಅಕಿ ಒಂದೊಂದ ಹಾಕ್ಬೇಕು. ಅಕಿ ಲಗ್ನ ಆಗಿ ಬಂದಾಗ ನಾನು ಅಕಿಗೆ ಸೀರಿ ನಿರಿಗಿ ಸರಿ ಹಿಡಿಯಾಕ ಬರಂಗಿಲ್ಲ ಅಂತ ಬೈದಾಕಿ. ಉಮಾ ಏನೂ ಅನ್ನಂಗಿಲ್ಲ. ಅಂದಿದ್ರ ಪಾಡಿತ್ತು. ಜೊಲ್ಲು ಸುರೀತೈತಿ, ದಿಂಬಿಗೆ ಹಳೇ ಟವೆಲ್ ಸುತ್ತಿ ಕೊಡ್ತಾಳ. ಹಾಸಿಗ್ಯಾಗ ಮಗ್ಗಲು ಬದಲಿ ಮಾಡಾಕ ಆಗಂಗಿಲ್ಲ. ಸಂಡಾಸ ವಾರಗಟ್ಟಲೆ ಕಷ್ಟ. ಇವೆಲ್ಲ ಬರೀಬ್ಯಾಡ ಅಂದ್ಳು ನೇತ್ರಾ. ಬರೀ ಅಂದೆ.

ಸ್ವಲ್ಪ ದಿನ ಮಂಚದ ಕೆಳಗ ಒಂದು ಬಿಳೀ ನಾಯಿ ಕಾಣ್ತಿತ್ತು. ಕಚ್ಚಂಗಿಲ್ಲ, ಬೊಗಳಂಗಿಲ್ಲ, ಸುಮ್ನ ಮಲಗಿರ್ತಿತ್ತು. ಅದು ಇಲ್ಲ ಅಂತ ನನಗ ಗೊತ್ತಿತ್ತು, ಕಾಣೋದೂ ಗೊತ್ತಿತ್ತು. ಹುಚ್ಚಲ್ಲ ಅಂತ ಡಾಕ್ಟ್ರು ಹೇಳಿದ್ದು ನೆನಪಾಗಿ, ಹಂಗಾರ ಇದೇನು ಅಂತ ಅಂಜಿದೆ. ಮಗಗ ಹೇಳಲಿಲ್ಲ. ನೇತ್ರಾಗ ಹೇಳಿದೆ. ಅಕಿ ಬಗ್ಗಿ ಮಂಚದ ಕೆಳಗ ನೋಡಿ, ಹೆಸರೇನು ಇಟ್ಟೀ ಅಜ್ಜಿ ಅಂದ್ಳು. ಮುಂದಿನ ಸಲ ಡಾಕ್ಟ್ರಿಗೆ ತಾನ ಹೇಳಿದ್ಲು. ಅದು ಮಾತ್ರಿದ್ದೂ ಇರಬಹುದು, ರೋಗದ್ದೂ ಇರಬಹುದು ಅಂತ ಹೇಳಿ ಅವರು ಒಂದು ಮಾತ್ರಿ ಕಡಿಮಿ ಮಾಡಿದ್ರು. ನಾಯಿ ಹೋತು. ಸ್ವಲ್ಪ ಬಿಕೋ ಅಂತು.

ಎಲ್ಲದ್ಕಿಂತ ಕೆಟ್ಟದ್ದು ಮಾತು. ಮಾತು ಒಳಗ ಇರ್ತೈತಿ, ಬಾಯಿಗೆ ಬರೋದು ತಡ. ಬಾವ್ಯಾಗಿಂದ ಕೊಡ ಸೇದಿದಂಗ ಸೇದಬೇಕು. ಅಷ್ಟರಾಗ ಎದುರಿಗಿದ್ದವರು ನನ್ನ ಮಾತು ತಾವ ಆಡಿ ಮುಗಿಸಿರ್ತಾರ. ಚಾ ಕುಡೀತೀಯೇನು ಅಂತ ಕೇಳಿ, ಬ್ಯಾಡಂತ ಅಂತ ತಾವ ಹೇಳಿ ಕಪ್ಪು ಒಳಗ ಒಯ್ತಾರ. ನನಗ ಚಾ ಬೇಕಿರ್ತೈತಿ.

ಇನ್ನು ಕಾಲು. ನಡೀತಿರ್ತೀನಿ, ಬಾಗಿಲ ಬಂದ ಕೂಡ್ಲೆ ಪಾದ ನೆಲಕ್ಕ ಅಂಟಿ ಬಿಡ್ತಾವು. ಅಂಗಳದಾಗ ಅಡ್ಡಿ ಇಲ್ಲ, ಹೊಸ್ತಿಲ ಕಂಡ್ರ ಸಾಕು. ಒಂದಿನ ಅಡಗಿ ಮನಿ ಬಾಗಿಲದಾಗ ಹಂಗ ನಿಂತಾಗ ಬ್ಯಾಸರಕ್ಕ ನಮ್ಮವ್ವ ಕುರುಗೋಡಿನಾಗ ಬೀಸೋವಾಗ ಹಾಡ್ತಿದ್ದ ಪದ ಗುನುಗಿದೆ. ಬೀಸೋ ಕಲ್ಲಿನ ಪದ ಅಂದ್ರ ತೋಳು ಮುಂದ ಹೋಗೋವಾಗ ಒಂದು ಎಳೆತ, ಹಿಂದ ಬರೋವಾಗ ಒಂದು. ಮೊದಲ ಎಳೆತಕ್ಕ ಕಾಲು ಎದ್ದಿತು. ಎರಡನೇ ಎಳೆತಕ್ಕ ಇನ್ನೊಂದು ಎದ್ದಿತು. ಡಾಕ್ಟ್ರಿಗೆ ಹೇಳಿದ್ರ, ಬಹಳ ಚಲೋ, ಹಂಗ ಮಾಡ್ರಿ ಅಂದ್ರು. ಮನ್ಯಾಗ ಮಾಡ್ತಿದ್ದೆ. ಮಂದಿ ಮುಂದ ಹೆಂಗ ಮಾಡ್ಲಿ. ಬಾಗಿಲದಾಗ ನಿಂತು ಬೀಸೋ ಪದ ಹಾಡೋ ಮುದುಕಿಗೆ ಮಂದಿ ಏನಂತಾರ ಅಂತ ನನಗ ಗೊತ್ತಿಲ್ಲೇನು.

ಅಷ್ಟರಾಗ ನೇತ್ರಾಗ ಸಿರುಗುಪ್ಪದ ಸಂಬಂಧ ಬಂತು. ತೆಕ್ಕಲಕೋಟಿಯ ಮಲ್ಲಪ್ಪ, ನಮ್ಮ ದೂರದ ಸಂಬಂಧಿ, ನಡುವ ನಿಂತು ತಂದಿದ್ದು. ಹುಡುಗ ಶಿವು, ಅಕ್ಕಿ ಗಿರಣಿ ಯಂತ್ರ ರಿಪೇರಿ ಮಾಡ್ತಾನ. ಮೊದಲ ಸಲ ಹೆಣ್ಣು ನೋಡಾಕ ಬಂದಾಗ ಉಗುರಿನಾಗ ಗ್ರೀಸ್ ಇತ್ತು, ಮುಚ್ಚಿಡಲಿಲ್ಲ. ನನಗ ಹಿಡಿಸ್ತು. ನೇತ್ರಾಗೂ ಹಿಡಿಸ್ತು. ಅಕಿ ಸಾಲ್ಯಾಗ ಮಕ್ಕಳಿಗೆ ಕಲಿಸೋಳು, ಸುಮ್ಮಸುಮ್ಮನ ತಲಿ ಆಡಸೋ ಹುಡುಗಿ ಅಲ್ಲ. ಶಿವುನ ಮನ್ಯಾಗ ಮಾತು ನಡೆಯೋದು ಅವನ ಅಜ್ಜಿ ಈರಮ್ಮಂದು.

ನಮ್ಮ ಕಡಿ ಎಲ್ಲ ಮಾತುಕತಿ ಆದ ಮ್ಯಾಲೆ ಒಂದು ದಿನ ಸಕ್ಕರಿಗೆ ಅಂತ ಬರ್ತಾರ. ಹೆಣ್ಣಿನ ಮನಿ ಹಿರೇ ಹೆಣ್ಮಗಳು ಒಳಗಿಂದ ಸಕ್ಕರಿ ತಾಟು ತಂದು, ಗಂಡಿನ ಮನಿ ಹಿರೇ ಹೆಣ್ಮಗಳ ಬಾಯಾಗ ಒಂದು ಚಿಟಿಕಿ ಹಾಕ್ಬೇಕು, ಬಲಗೈಲೆ. ಹಾಕಿದ್ರ ಸಂಬಂಧ ಗಟ್ಟಿ. ಗಂಡ ಸತ್ತಾಕಿ ಹಾಕ್ಬಾರದು ಅನ್ನೋ ಮಾತು ನಮ್ಮ ಮನ್ಯಾಗ ಇಲ್ಲ. ಉಮಾ ಹಾಕ್ಲಿ ಅಂತ ನಾನು ಅಂದಿದ್ದೆ. ನೀನಿದ್ದು ಅಕಿ ಯಾಕ ಹಾಕಿದ್ಲು ಅಂತ ಕೇಳ್ತಾರ, ಏನಂತ ಹೇಳ್ಲಿ ಅಂದ ಮಗ. ಮಾತ್ರಿ ಹಿಡಿಯೋ ಹೊತ್ತು ನೋಡಿ ತಗೊಂಡ್ರ ಮುಗೀತಲ್ಲ ಅಂದ.

ಹೊತ್ತು ನೋಡೇ ತಗೊಂಡೆ. ಬೀಗರು ಬರಲಿಲ್ಲ. ತೆಕ್ಕಲಕೋಟಿ ಹತ್ರ ಭತ್ತದ ಟ್ರ್ಯಾಕ್ಟರಿನ ಸಾಲು ರಸ್ತಾ ಕಟ್ಟಿತ್ತಂತ. ಅವರು ಬಂದು, ಕಾಲು ತೊಳಕೊಂಡು, ನೀರು ಕುಡದು, ಬಿಸಿಲಿನ ಮಾತು ಮುಗಿಸೋದ್ರಾಗ ನನ್ನ ಮಾತ್ರಿ ಇಳದಿತ್ತು. ಇನ್ನೊಂದು ಮಾತ್ರಿ ನಡುವಿಗೆ ಸಿಗಿಸಿದ ಸೆರಗಿನ ಗಂಟಿನಾಗ ಇತ್ತು. ಈರಮ್ಮ ನನ್ನ ಬಾಜೂಕ ಕುಂತು ಹಳೇ ಮಾತು ತಗದಿದ್ಲು. ಅಕಿ ಮುಂದ ಗಂಟು ಬಿಚ್ಚಿ ಮಾತ್ರಿ ನುಂಗಾಕ ನನಗ ನಾಚಿಕಿ ಆತು. ಎದ್ದು ಒಳಗ ಹೋಗಿ ನುಂಗಿದೆ, ಆದ್ರ ನುಂಗಿದ ಕೂಡ್ಲೆ ಹಿಡಿಯೋದಲ್ಲ ಅದು. ಹೊರಗ ಮಲ್ಲಪ್ಪ, ಸಕ್ಕರಿ ತರ್ರಿ, ಹೊತ್ತಾತು ಅಂದ.

ತಾಟು ಹಿಡಕೊಂಡು ಅಡಗಿ ಮನಿ ಬಾಗಿಲಿಗೆ ಬಂದೆ. ಕಾಲು ಅಂಟಿದ್ವು.

ಹೊರಗ ಎಲ್ಲರೂ ನನ್ನ ನೋಡ್ತಿದ್ರು. ಮೊದಲು ನಕ್ಕೊಂತ ನೋಡಿದ್ರು, ಆಮ್ಯಾಲೆ ಸುಮ್ನ ನೋಡಿದ್ರು. ನಾನು ಹೊಸ್ತಿಲ ಒಳಗ, ತಾಟು ಎದಿಗೆ ಹಿಡಕೊಂಡು, ಕಲ್ಲಿನ ಮಕ ಇಟ್ಕೊಂಡು ನಿಂತೀನಿ. ಪದ ಗಂಟಲಿನತನಕ ಬಂದಿತ್ತು. ಒಂದು ಎಳೆತ ಎಳದಿದ್ರ ದಾಟ್ತಿದ್ದೆ. ಬೀಗರ ಮುಂದ ಬಾಯಿ ಬಿಡಲಿಲ್ಲ. ಉಮಾ ಹಿಂದಿನಿಂದ ಮೊಣಕೈ ಹಿಡದು ಮೆಲ್ಲಕ ನೂಕಿದ್ಲು, ಎಡವಿದಂಗ ಮಾಡಿ ದಾಟಿದೆ. ಈರಮ್ಮನ ಮುಂದ ಹೋಗಿ ನಿಂತೆ. ಬಲಗೈ ತಾಟಿನ ಅಂಚು ಹಿಡದದ್ದು ಬಿಡವಲ್ದು. ಬಿಡು ಅಂತ ಹೇಳ್ತೀನಿ, ಬೆರಳು ಕೇಳವಲ್ವು. ಅಷ್ಟರಾಗ ಎಡಗೈ ತಾನ ಎದ್ದು, ಚಿಟಿಕಿ ಸಕ್ಕರಿ ತಗೊಂಡು, ಅಕಿ ಬಾಯಿ ಮುಂದ ಹೋತು.

ಈರಮ್ಮ ಆ ಕೈ ನೋಡಿದ್ಲು. ನನ್ನ ಮಕ ನೋಡಿದ್ಲು. ಬಾಯಿ ತೆರೀಲಿಲ್ಲ, ಮಕ ತಿರುವಿದ್ಲು. ಎಡಗೈಲೆ ಸಕ್ಕರಿ ಕೊಟ್ರ ನಮ್ಮ ಕಡಿ ಅದಕ್ಕ ಒಂದ ಅರ್ಥ, ಹೆಣ್ಣು ಕೊಡಾಕ ಒಲ್ಲೆ, ನೀವು ಹೋಗ್ರಿ ಅಂತ.

ನಮ್ಮ ಮಗ ಎದ್ದು ನಿಂತು, ಅವ್ವಗ ಎರಡು ದಿನದಿಂದ ಚಳಿ ಜ್ವರ, ಕೈಕಾಲು ಹಿಡದಾವು ಅಂದ. ಅದು ಬ್ಯಾಸಿಗಿ. ಬೀಗರು ಬೆವರು ಒರಸ್ಕೊಂಡು ಟವೆಲ್ ಹಿಂಡೋಷ್ಟು ಸೆಕಿ.

"ಬಳ್ಳಾರ್ಯಾಗ ಚಳಿ ಬಿದ್ದೈತಿ ಅಂತ ನಮಗ ಗೊತ್ತಾಗಲಿಲ್ಲ ನೋಡ್ರಿ," ಅಂದ್ಳು ಈರಮ್ಮ. "ಶಾಲು ತರ್ತಿದ್ವಿ."

ಊಟ ಮಾಡಲಿಲ್ಲ. ಇನ್ನೊಮ್ಮೆ ಬರ್ತೀವಿ ಅಂತ ಹೇಳಿ ಎದ್ರು. ಆ ಇನ್ನೊಮ್ಮೆ ಅಂದ್ರ ಏನಂತ ಎಲ್ಲರಿಗೂ ಗೊತ್ತು. ಶಿವು ಬಾಗಿಲದಾಗ ಒಮ್ಮೆ ನನ್ನ ಕೈ ಕಡಿ ನೋಡಿದ. ಯಂತ್ರ ನೋಡೋವರಂಗ ನೋಡಿದ.

ಮಾಡಿದ ಹೋಳಿಗಿ ಓಣಿಗೆ ಹಂಚಿದ್ವಿ. ಖಾಜಾಬೀಗೂ ಕಳಿಸಿದ್ವಿ. ಮಾತ್ರಿ ಆಮ್ಯಾಲೆ ಹಿಡೀತು. ಸಂಜಿಗೆ ಜಗಲಿ ಮ್ಯಾಲೆ ಕುಂತು ಬಲಗೈಲೆ ಕತ್ತರಿ ಹಿಡದು ದಾರ ಕತ್ತರಿಸಿದೆ, ಒಂದೂ ತಪ್ಪದಂಗ. ಅವತ್ತು ಆ ಕೈ ಮ್ಯಾಲೆ ನನಗ ಎಷ್ಟು ಹೇಸಿಗಿ ಬಂತಂದ್ರ, ಅದು ನಂದಲ್ಲ, ಯಾರೋ ನನಗ ಹೊಲಿದಾರ ಅನ್ನಿಸ್ತು.

ವಾರ ಕಳದು ಮಲ್ಲಪ್ಪ ಸಂಜಿ ಮುಂದ ಬಂದ. ಈರಮ್ಮ ಹೇಳಿ ಕಳಿಸಿದ್ದು ಇಷ್ಟ ಅಂತ ಹೇಳಿದ. ಮನಸಿಲ್ಲ ಅಂದ್ರ ಬಾಯಿಲೆ ಹೇಳಿದ್ರ ಆಗ್ತಿತ್ತು, ಕರಸಿ ಕುಂಡ್ರಿಸಿ ಎಡಗೈ ತೋರಿಸೋದು ಬೇಕಿರಲಿಲ್ಲ. ಈಗಲೂ ಏನಾರ ಹೇಳೋದಿದ್ರ ನಾಳೆ ಮಧ್ಯಾಹ್ನದೊಳಗ ಹೇಳ್ರಿ, ಇಲ್ಲಂದ್ರ ಬ್ಯಾರೆ ಕಡಿ ಹೆಣ್ಣು ನೋಡಾಕ ಹೊಂಟೀವಿ. ಮಲ್ಲಪ್ಪ ಚಾ ಕುಡದು ಹೋದ.

ಮಗ ನಡುಮನ್ಯಾಗ ಆ ಕಡಿ ಈ ಕಡಿ ತಿರುಗಾಡಿದ. ಕಡಿಗೆ, ಹೋಗ್ಲಿ ಬಿಡು, ಹಠಮಾರಿ ಮುದುಕಿ ಐತಿ ಆ ಮನ್ಯಾಗ ಅಂದ್ರ ಅನ್ಲಿ, ಮೆದುಳಿನ ರೋಗ ಐತಿ ಅನ್ನೋದಕ್ಕಿಂತ ಅದ ಪಾಡು, ಇನ್ನೊಂದು ಗಂಡು ಸಿಕ್ತೈತಿ ಅಂದ. ಉಮಾ ಮಲ್ಲಪ್ಪ ಕುಡದ ಚಾ ಕಪ್ಪು ಎತ್ತಿಕೊಂಡ್ಳು. ನೇತ್ರಾ ಮಕ್ಕಳ ಉತ್ತರ ಪತ್ರಿಕಿ ತಿದ್ದಾಕ ಹತ್ತಿದ್ಲು. ಪೆನ್ನು ಮುಚ್ಚಿದ್ಲು.

"ಅಪ್ಪಾ, ಅಜ್ಜಿ ಒಲ್ಲೆ ಅಂದ್ಳು ಅಂತ ಒಂದು ಸುಳ್ಳು ಹೇಳಿ ಈ ಮದುವಿ ಬಿಡಸ್ತಿ. ಇನ್ನೊಂದು ಸುಳ್ಳು ಹೇಳಿ ಇನ್ನೊಂದು ಮದುವಿ ಮಾಡ್ತಿ. ಆಮ್ಯಾಲೆ ಅಜ್ಜಿಗೆ ಹೆಚ್ಚಾತು, ನಾನು ನೋಡಾಕ ಬರ್ಬೇಕು. ಅವರಿಗೆ ಏನಂತ ಹೇಳಿ ಬರ್ಲಿ? ಚಳಿ ಜ್ವರ ಅಂತನಾ?"

ಮಗ ತಿರುಗಾಡೋದು ನಿಲ್ಲಿಸಿದ. ನನ್ನ ಕಡಿ ತಿರುಗಿ, ನೀ ಏನಂತಿ ಅವ್ವ ಅಂದ. ನನ್ನೊಳಗ ಮಾತು ಇತ್ತು. ಬ್ಯಾಡ, ಮುಚ್ಚಿಡೋದು ಸಾಕು, ಅನ್ನೋ ಮಾತು. ಸೇದಾಕ ಹತ್ತಿದ್ದೆ. ಮ್ಯಾಲೆ ಬರ್ತಿತ್ತು, ಇನ್ನೇನು ಬಾಯಿಗೆ ಬರ್ಬೇಕು.

"ನೋಡಿದ್ಯಾ, ಅವ್ವನೂ ಹೂಂ ಅಂತಾಳ," ಅಂದ ಮಗ ನೇತ್ರಾಗ.

ನಾನು ಹೂಂ ಅಂದಿರಲಿಲ್ಲ. ನೇತ್ರಾ ನನ್ನ ನೋಡಿದ್ಲು, ಕಲ್ಲಿನ ಮಕದಾಗ ಅಕಿಗೆ ಏನೂ ಸಿಗಲಿಲ್ಲ. ಪತ್ರಿಕಿ ತಗೊಂಡು ಒಳಗ ಹೋದ್ಳು. ನನ್ನ ಮಾತು ಬಾಯಿಗೆ ಬರೋದ್ರಾಗ ಮಗನೂ ಎದ್ದು ಶೆಡ್ಡಿಗೆ ಹೋಗಿದ್ದ. ಖಾಲಿ ಮನ್ಯಾಗ, ಬ್ಯಾಡ ಅಂದೆ. ಕೇಳಿದಾಕಿ ಉಮಾ ಒಬ್ಬಾಕಿನ. ಸೆರಗು, ಜೊಲ್ಲು, ಹುಕ್ಕು, ಎಲ್ಲದ್ರಾಗ ನಾಚಿಕಿ ಪಟ್ಟೀನಿ. ಆದ್ರ ನನ್ನ ಬಾಯಿಲೆ ಬ್ಯಾರೇವರು ಹೂಂ ಅಂದು, ಅದರ ಮ್ಯಾಲೆ ಮೊಮ್ಮಗಳ ಬಾಳೇ ಹೋಗೋದು ನೋಡಿಕೊಂತ ಕುಂತಿದ್ನಲ್ಲ, ಅವತ್ತಿನಷ್ಟು ನಾಚಿಕಿ ಎಂದೂ ಆಗಿಲ್ಲ.

ಮರುದಿನ ಬೆಳಿಗ್ಗೆ ಬರೀ ನೀರಿನಾಗ ಮಾತ್ರಿ ನುಂಗಿದೆ. ಜಂಪರ ಹಿಡಕೊಂಡು ಉಮಾನ ಮುಂದ ನಿಂತು, ಹುಕ್ಕು ಹಾಕು, ಸಿರುಗುಪ್ಪಕ್ಕ ಹೋಗ್ಬೇಕು ಅಂದೆ. ಅಕಿ ಹುಕ್ಕು ಹಾಕಿದ್ಲು. ಆಮ್ಯಾಲೆ ತನ್ನ ಸೀರಿ ಬದಲಿ ಮಾಡಿದ್ಲು, ಗಂಡಗ ಕೇಳಲಿಲ್ಲ. ಸ್ಟೀಲಿನ ಡಬ್ಬ್ಯಾಗ ಸಕ್ಕರಿ ಹಾಕಿ, ಒಂದು ಸಣ್ಣ ತಾಟು ಸೆರಗಿನಾಗ ಇಟ್ಕೊಂಡ್ಳು.

ಬಸ್ಸಿನಾಗ ಕೈ ತೊಡಿ ಮ್ಯಾಲೆ ಇಟ್ಕೊಂಡೆ, ಬಯಲಿಗೆ. ಡಾಕ್ಟ್ರ ಹತ್ರ ಪಾಳಿ ಕಾಯೋವಾಗ ಮುಚ್ಚಿಕೊಂಡಿದ್ದ ಕೈ ಅದು. ಎದುರು ಸೀಟಿನಾಕಿ ತೆಲುಗಿನ್ಯಾಕಿ, ಏಮೈಂದಮ್ಮಾ ಚೇತಿಕಿ ಅಂತ ಕೇಳಿದ್ಲು. ಕೈಗೆ ಏನೂ ಆಗಿಲ್ಲ, ಮೆದುಳಿಗೆ ಆಗೈತಿ ಅಂದೆ. ಅಕಿ ತನ್ನ ಕೂಸನ್ನ ಸ್ವಲ್ಪ ಆ ಕಡಿ ಸರಿಸಿಕೊಂಡ್ಳು. ಮಕಕ್ಕ ಬಿಸಿ ಏರ್ತು. ಆದ್ರೂ ಕೈ ಸೆರಗಿನೊಳಗ ಹಾಕಲಿಲ್ಲ. ಸಿರುಗುಪ್ಪ ಬಸ್ ಸ್ಟ್ಯಾಂಡಿನಾಗ ಇಳಿಯೋದ್ರಾಗ ಮಾತ್ರಿ ಇಳಿಯಾಕ ಹತ್ತಿತ್ತು. ಉಮಾ ಇನ್ನೊಂದು ತಗದು ಕೊಟ್ಳು. ಈಗ ಬ್ಯಾಡ, ಹೊರಗ ಬರೋವಾಗ ಕೊಡು ಅಂದೆ. ಮಾತ್ರಿ ಹಿಡದ ಮುದುಕಿನ್ನ ತೋರಿಸಿದ್ರ ಅದೂ ಚಳಿ ಜ್ವರದಂಥ ಮಾತ ಆಗ್ತೈತಿ.

ಈರಮ್ಮನ ಮನಿ ಬಾಗಿಲ ತೆರದಿತ್ತು. ಅಕಿ ಒಳಗ ಮೊರದಾಗ ಅಕ್ಕಿ ಹಸನ ಮಾಡ್ಕೊಂತ ಕುಂತಿದ್ಲು. ನೋಡಿದ್ಲು, ಬರ್ರಿ ಅನ್ನಲಿಲ್ಲ. ಹೊಸ್ತಿಲ ಹತ್ರ ನನ್ನ ಕಾಲು ಅಂಟಿದ್ವು. ಉಮಾ ಮೊಣಕೈಗೆ ಕೈ ಹಾಕಿದ್ಲು. ಬಿಡು ಅಂದೆ. ಓಣ್ಯಾಗ ನೀರು ತರೋ ಹೆಣ್ಮಕ್ಕಳು ನಿಂತು ನೋಡಾಕ ಹತ್ತಿದ್ರು. ನಮ್ಮವ್ವನ ಪದ ಎತ್ತಿದೆ, ಗುನುಗಲಿಲ್ಲ, ಹಾಡಿದೆ. ಮೊದಲ ಎಳೆತಕ್ಕ ಒಂದು ಕಾಲು ಹೊಸ್ತಿಲ ದಾಟ್ತು, ಎರಡನೇದಕ್ಕ ಇನ್ನೊಂದು. ಈರಮ್ಮನ ಕೈಯಾಗಿನ ಮೊರ ನಿಂತಿತ್ತು.

ಅಕಿ ಎದುರಿಗೆ ಕುಂತು ಕೈ ಮುಂದ ಚಾಚಿ ತೋರಿಸಿದೆ. ಪಾರ್ಕಿನ್ಸನ್ ಅಂತಾರ, ಮೆದುಳಿಂದು, ಚಳಿ ಜ್ವರ ಸುಳ್ಳು, ಎಡಗೈ ಒಂದ ಅವತ್ತು ಎದ್ದಿದ್ದು ಅಂದೆ. ಹೇಳಾಕ ಬಹಳ ಹೊತ್ತು ಹಿಡೀತು. ಮಾತು ಸೇದ್ಕೊಂತ ನಿಂತಾಗೆಲ್ಲ ಈಗ ಈಕಿ ನನ್ನ ಮಾತು ಮುಗಸ್ತಾಳ ಅಂತ ನೋಡಿದೆ. ಮುಗಸಲಿಲ್ಲ. ಅಕ್ಕ್ಯಾಗಿನ ಒಂದು ಕಲ್ಲು ಬೆರಳಿಲೆ ತಿರುವಿಕೊಂತ ಕುಂತಿದ್ಲು.

"ಇದು ಹುಡುಗಿಗೆ ಬರ್ತೈತೇನು?" ಅಂದ್ಳು.

"ಬಹಳ ಮಾಡಿ ಬರಂಗಿಲ್ಲ ಅಂದಾರ ಡಾಕ್ಟ್ರು. ಯಾರಿಗೆ ಬರ್ತೈತಿ ಅಂತ ಖಾತ್ರಿ ಅವರಿಗೂ ಇಲ್ಲ. ನಿನಗೂ ಬರಬಹುದು."

ಉಮಾ ಹಿಂದಿನಿಂದ ನನ್ನ ಬೆನ್ನು ಚಿವುಟಿದ್ಲು. ಈರಮ್ಮ ಕಲ್ಲನ್ನ ಅಂಗಳಕ್ಕ ಒಗದು, ಮೊರ ಬಾಜೂಕ ಇಟ್ಟು, ಹಣಿ ಮ್ಯಾಲಿನ ಸೆರಗು ಸರಿ ಮಾಡ್ಕೊಂಡ್ಳು.

"ಅವತ್ತೂ ಹಿಂಗ ಹಾಡಿ ಬರಬೇಕಿತ್ತಲ್ಲ," ಅಂದ್ಳು. "ಸಕ್ಕರಿ ತಂದೀಯೇನು?"

ಉಮಾ ತಾಟಿಗೆ ಸಕ್ಕರಿ ಸುರುವಿದ್ಲು. ಬಲಗೈ ತಾಟಿನಾಗ ಇಟ್ಟೆ, ಬೆರಳು ಕೂಡಾಕ ತಡ ಮಾಡಿದ್ವು. ಎಡಗೈ ಎದ್ದಿತು, ಅದನ್ನ ತೊಡಿ ಕೆಳಗ ಹಾಕ್ಕೊಂಡು ಅದರ ಮ್ಯಾಲೆ ಕುಂತೆ. ಮೊದಲ ಚಿಟಿಕಿ ಅಕಿ ಸೀರಿ ಮ್ಯಾಲೆ ಬಿತ್ತು. ಎರಡನೇದು ಗದ್ದಕ್ಕ ಹತ್ತಿ ನೆಲಕ್ಕ ಹೋತು. ಅಕಿ ನನ್ನ ಕೈ ಹಿಡೀಲಿಲ್ಲ, ಮುಂದ ಬಗ್ಗಲಿಲ್ಲ, ಇರ್ಲಿ ಬಿಡು ಅನ್ನಲಿಲ್ಲ. ಬಾಯಿ ತೆರಕೊಂಡು ಕುಂತಿದ್ಲು. ನಾನು ಮತ್ತ ತಾಟಿಗೆ ಕೈ ಹಾಕಿದೆ.